ಲಡಾಖ್‌ನ ಮಾರ್ಮಟ್: ಅದರ ಮೇವಿಗೆ ಅಡ್ಡಿಯಾಗದಂತೆ ಒಂದು ಬೆಳಗ್ಗೆ ಕಳೆಯುವ ಕ್ರಮ

ಬೇಸಿಗೆಯಲ್ಲಿ ಲಡಾಖ್‌ಗೆ ಹೋಗಿಬಂದ ಕನ್ನಡಿಗರಲ್ಲಿ ಹಲವರು ನೆಲದಲ್ಲಿ ಬಿಲ ತೋಡಿ ಬದುಕುವ, ದಪ್ಪ ಅಳಿಲಿನಂಥ ಮಾರ್ಮಟ್‌ಗಳನ್ನು ನೋಡಿರುತ್ತಾರೆ. ಲೇಹ್‌ನಿಂದ ಚಾಂಗ್ ಲಾ ಘಟ್ಟ ದಾಟಿ ಪಾಂಗಾಂಗ್ ಸರೋವರಕ್ಕೆ ಹೋಗುವ ದಾರಿಯಲ್ಲಿ, ತಾಂಗ್ಚೆ ಕಳೆದ ಮೇಲೆ ತೊರೆಯ ಬದಿಯ ಹುಲ್ಲುಗಾವಲಿನಲ್ಲಿ ಅವು ರಸ್ತೆಯಿಂದಲೇ ಕಾಣಿಸುತ್ತವೆ. ಕಾರು ನಿಲ್ಲಿಸಿ, ಬಿಸ್ಕತ್ತು ತೋರಿಸಿ ಹತ್ತಿರಕ್ಕೆ ಕರೆದು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಮುಂದೆ ಸಾಗುವುದು ಅಲ್ಲಿ ವಾಡಿಕೆಯಾಗಿಬಿಟ್ಟಿದೆ. ಈ ಬರಹದಲ್ಲಿ ವಿವರಿಸುವ ಕ್ರಮ ಅದಕ್ಕಿಂತ ನಿಧಾನವಾದದ್ದು: ಮಾರ್ಮಟ್ ನಮ್ಮನ್ನು ಕಂಡಮೇಲೂ ಮೇಯುವುದನ್ನು ನಿಲ್ಲಿಸದಷ್ಟು ದೂರದಲ್ಲಿ ಕುಳಿತು, ಅದು ಬಿಲದಿಂದ ಹೊರಬರುವ ಹೊತ್ತಿನಿಂದ ಮಧ್ಯಾಹ್ನ ಮತ್ತೆ ಒಳಗೆ ಹೋಗುವವರೆಗೆ ಅದರ ಬದುಕನ್ನು ನೋಡುವುದು. ಇದಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ಆದರೆ ಆ ಪ್ರಾಣಿಯ ಒಂದು ವರ್ಷ ಹೇಗೆ ಸಾಗುತ್ತದೆ ಎಂಬುದು ತಿಳಿದಿರಬೇಕು, ಏಕೆಂದರೆ ಎಲ್ಲಿ ಕೂರಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ನಿರ್ಧಾರಗಳೆಲ್ಲ ಅದರ ಮೇಲೆಯೇ ನಿಂತಿವೆ.

ಹಿಮಾಲಯದ ಮಾರ್ಮಟ್ ಅಳಿಲಿನ ಕುಟುಂಬಕ್ಕೆ ಸೇರಿದ ದಂಶಕ, ಅಂದರೆ ಇಲಿಯಂತೆ ಬಾಚಿಹಲ್ಲಿನಿಂದ ಕಡಿದು ತಿನ್ನುವ ಪ್ರಾಣಿ. ನಮ್ಮ ಮಲೆನಾಡಿನ ಮರಗಳ ತುದಿಯಲ್ಲಿ ಓಡಾಡುವ ಕೆಂದಳಿಲು ಕೂಡ ಇದೇ ಕುಟುಂಬದ್ದು, ಆದರೆ ಅದು ನೆಲಕ್ಕಿಳಿಯುವುದೇ ಅಪರೂಪ. ಮಾರ್ಮಟ್ ಮರವೇ ಇಲ್ಲದ ನಾಡಿನಲ್ಲಿ ನೆಲವನ್ನು ತೋಡಿ ಬದುಕುತ್ತದೆ. ಬ್ರಿಟಿಷ್ ನಿಸರ್ಗತಜ್ಞ ಬ್ರಿಯಾನ್ ಹಾಡ್ಜ್‌ಸನ್ 1841ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಲಡಾಖಿನವರು ಇದನ್ನು ಫಿಯಾ ಎಂದು ಕರೆಯುತ್ತಾರೆ. ಸುಮಾರು ಅರ್ಧ ಮೀಟರಿಗಿಂತ ಉದ್ದದ ತುಂಬಿದ ಮೈ, ಗಿಡ್ಡ ಕಾಲು, ಚಿಕ್ಕ ಕಿವಿ, ಗೇಣುದ್ದಕ್ಕೂ ಕಡಿಮೆ ಇರುವ ಬಾಲ, ಬೆನ್ನಿನ ಮೇಲೆ ಕಪ್ಪು ಕೂದಲು ಬೆರೆತ ಮಾಸಲು ಹಳದಿ ಬಣ್ಣ, ಮೂಗಿನ ಮೇಲ್ಭಾಗದಲ್ಲಿ ಗಾಢ ಕಂದು. ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು. ಒದ್ದೆ ಮಣ್ಣಿನಲ್ಲಿ ಹೆಜ್ಜೆ ಸಿಕ್ಕರೆ ಇದನ್ನು ಎಣಿಸಿ ನೋಡಬಹುದು. ಭಾರತ, ನೇಪಾಳ, ಭೂತಾನ್, ಪಾಕಿಸ್ತಾನ ಮತ್ತು ಟಿಬೆಟ್ ಪ್ರಸ್ಥಭೂಮಿಯಲ್ಲಿ ಸುಮಾರು 3,000ದಿಂದ 5,000 ಮೀಟರಿಗೂ ಹೆಚ್ಚಿನ ಎತ್ತರದವರೆಗೆ ಇದರ ನೆಲೆ ಹರಡಿದೆ.

ಅದರ ವರ್ಷ ಮತ್ತು ನಮ್ಮ ಪ್ರಯಾಣದ ತಿಂಗಳು

ಮಾರ್ಮಟ್‌ನ ಬದುಕಿನಲ್ಲಿ ಅರ್ಧ ವರ್ಷ ನೆಲದಡಿಯ ನಿದ್ರೆಗೆ ಹೋಗುತ್ತದೆ. ಶರತ್ಕಾಲ ಮುಗಿಯುತ್ತಿದ್ದಂತೆ ಒಂದು ಕುಟುಂಬದ ಎಲ್ಲ ಸದಸ್ಯರೂ ಆಳವಾದ ಚಳಿಗಾಲದ ಬಿಲಕ್ಕೆ ಇಳಿದು, ಮಣ್ಣು, ಕಲ್ಲು, ಒಣಹುಲ್ಲುಗಳಿಂದ ಒಳಗಿನಿಂದಲೇ ಬಾಯಿ ಮುಚ್ಚಿಕೊಂಡು, ಒಂದಕ್ಕೊಂದು ಒತ್ತಿ ಮಲಗುತ್ತವೆ. ಇದು ನಮ್ಮ ನಿದ್ರೆಯಂಥದ್ದಲ್ಲ. ಮೈಯ ಬಿಸಿ ಬಿಲದೊಳಗಿನ ತಣ್ಪಿನ ಹತ್ತಿರಕ್ಕೆ, ಅಂದರೆ ಕೆಲವೇ ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಹೃದಯ ನಿಮಿಷಕ್ಕೆ ಕೆಲವೇ ಬಾರಿ ಬಡಿಯುತ್ತದೆ. ಉಸಿರಾಟ ಇದೆಯೋ ಇಲ್ಲವೋ ಎಂಬಷ್ಟು ನಿಧಾನವಾಗುತ್ತದೆ. ಕೆಲವು ವಾರಗಳಿಗೊಮ್ಮೆ ಅವು ಮೈಯನ್ನು ಪೂರ್ತಿ ಬಿಸಿಮಾಡಿಕೊಂಡು ಎಚ್ಚರಗೊಂಡು ಮತ್ತೆ ತಣ್ಣಗಾಗುತ್ತವೆ, ಮತ್ತು ಚಳಿಗಾಲದಲ್ಲಿ ಕರಗುವ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಈ ಬಿಸಿಮಾಡಿಕೊಳ್ಳುವ ಕೆಲಸಕ್ಕೇ ಖರ್ಚಾಗುತ್ತದೆ. ಯುರೋಪಿನ ಆಲ್ಪ್ಸ್ ಪರ್ವತಗಳ ಮಾರ್ಮಟ್‌ಗಳ ಮೇಲೆ ನಡೆದ ದೀರ್ಘ ಅಧ್ಯಯನಗಳಲ್ಲಿ, ದೊಡ್ಡವುಗಳ ಜೊತೆ ಒತ್ತಿ ಮಲಗಿದ ಮರಿಗಳು ಚಳಿಗಾಲವನ್ನು ದಾಟುವ ಸಾಧ್ಯತೆ ಹೆಚ್ಚು ಎಂಬುದು ಕಂಡುಬಂದಿದೆ. ಮಾರ್ಮಟ್‌ಗಳು ಗುಂಪಾಗಿ ಬದುಕುವುದಕ್ಕೆ ಇದೊಂದು ಗಟ್ಟಿ ಕಾರಣವೆಂದು ನಾನು ತಿಳಿದಿದ್ದೇನೆ.

ಏಪ್ರಿಲ್ ಸುಮಾರಿಗೆ ಅವು ಹೊರಬರುವಾಗ ಮೈತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಕರಗಿರುತ್ತದೆ, ಸುತ್ತ ಹಿಮವೂ ಪೂರ್ತಿ ಕರಗಿರುವುದಿಲ್ಲ. ಆ ಹೊತ್ತಿನಲ್ಲೇ ಕೂಡುವಿಕೆ ನಡೆಯುತ್ತದೆ. ಸುಮಾರು ಒಂದು ತಿಂಗಳ ಗರ್ಭದ ನಂತರ ಮರಿಗಳು ಬಿಲದೊಳಗೆ ಹುಟ್ಟಿ, ಬೇಸಿಗೆಯ ನಡುವೆ ಮೊದಲ ಬಾರಿಗೆ ಮೇಲೆ ಬರುತ್ತವೆ. ಹೀಗಾಗಿ ಹುಲ್ಲು ಹಸಿರಾಗಿರುವ ನಾಲ್ಕೈದು ತಿಂಗಳಲ್ಲಿ ತಾಯಿ ಮರಿಗೆ ಹಾಲೂಡಿ, ತನ್ನ ಕಳೆದ ತೂಕವನ್ನು ಮರಳಿ ಪಡೆದು, ಮುಂದಿನ ಚಳಿಗಾಲದ ಕೊಬ್ಬನ್ನೂ ಕೂಡಿಸಿಕೊಳ್ಳಬೇಕು. ಮರಿಗೆ ಇನ್ನೂ ಕಷ್ಟ: ಹುಟ್ಟಿದ ವರ್ಷವೇ ಅದು ಬೆಳೆಯಲೂ ಬೇಕು, ದಪ್ಪವಾಗಲೂ ಬೇಕು. ನಾವು ಹತ್ತಿರ ಹೋಗಿ ಒಂದು ಮಾರ್ಮಟ್‌ ಅನ್ನು ಬಿಲಕ್ಕೆ ಓಡಿಸಿದರೆ ಅದು ಕಳೆದುಕೊಳ್ಳುವುದು ಮೇಯುವ ಹೊತ್ತನ್ನು. ಒಬ್ಬರಿಂದ ಹಾನಿ ಅಲ್ಪವೆನಿಸಬಹುದು, ಆದರೆ ಪ್ರವಾಸಿಗರ ಕಾಲವೂ ಅದರ ಮೇವಿನ ಕಾಲವೂ ಒಂದೇ ಆಗಿರುವುದರಿಂದ, ದಿನಕ್ಕೆ ನೂರಾರು ವಾಹನ ನಿಲ್ಲುವ ಜಾಗದಲ್ಲಿ ಆ ಅಲ್ಪಗಳೆಲ್ಲ ಕೂಡುತ್ತಾ ಹೋಗುತ್ತವೆ.

ನೋಡಲು ಹೋಗುವವರಿಗೆ ಜುಲೈ ಮತ್ತು ಆಗಸ್ಟ್ ಒಳ್ಳೆಯ ತಿಂಗಳುಗಳು. ಮರಿಗಳು ಹೊರಗಿರುತ್ತವೆ, ಹುಲ್ಲು ಹುಲುಸಾಗಿರುತ್ತದೆ, ಆಟ ಹೆಚ್ಚು. ಸೆಪ್ಟೆಂಬರಿನಲ್ಲಿ ಅವು ಬಲು ದಪ್ಪಗಾಗಿ, ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುವಂತೆ ಕಾಣುತ್ತವೆ. ಆಗ ಬಿಲದೊಳಗೆ ಹಾಸಲು ಬಾಯಿತುಂಬ ಒಣಹುಲ್ಲನ್ನು ಕಚ್ಚಿಕೊಂಡು ಹೋಗುವುದನ್ನು ನೋಡಬಹುದು. ಅಕ್ಟೋಬರ್ ಕೊನೆಯ ನಂತರ ಹೋದರೆ ಕಾಣುವುದು ಮುಚ್ಚಿದ ಬಿಲಗಳು ಮಾತ್ರ.

ಜಾಗದ ಆಯ್ಕೆ

ಪಾಂಗಾಂಗ್ ದಾರಿಯ ಮಾರ್ಮಟ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿನವು ಮನುಷ್ಯನ ಕೈಯನ್ನು ನೋಡಲು ಕಲಿತಿವೆ, ಅವುಗಳ ಸಹಜ ನಡವಳಿಕೆ ಅಲ್ಲಿ ಕಾಣುವುದು ಕಡಿಮೆ. ನಡೆಯಲು ಶಕ್ತಿಯಿರುವವರಿಗೆ ಹೆಮಿಸ್ ರಾಷ್ಟ್ರೀಯ ಉದ್ಯಾನದ ಮಾರ್ಖಾ ಕಣಿವೆಯ ಚಾರಣದಲ್ಲಿ ಸಿಗುವ ನಿಮಾಲಿಂಗ್ ಬಯಲು ಬಹಳ ಒಳ್ಳೆಯದು. ಸುಮಾರು 4,700 ಮೀಟರ್ ಎತ್ತರದ ಆ ಮೇವಿನ ನೆಲದಲ್ಲಿ ಕುರಿ, ಯಾಕ್‌ಗಳ ನಡುವೆಯೇ ಮಾರ್ಮಟ್‌ಗಳೂ ಇವೆ. ವಾಹನದಲ್ಲಿ ಹೋಗುವವರಿಗೆ ಚಾಂಗ್‌ಥಾಂಗ್ ಪ್ರದೇಶದ ತ್ಸೋ ಕರ್, ತ್ಸೋ ಮೊರಿರಿ ಸರೋವರಗಳ ಸುತ್ತಲಿನ ಇಳಿಜಾರುಗಳು ಮತ್ತು ಹಾನ್ಲೆ ಕಣಿವೆ ಸೂಕ್ತ. ಹಾನ್ಲೆಯ ಬೆಟ್ಟದ ಮೇಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯ ಬಳಿಯ ಕೇಂದ್ರದಿಂದ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು; ರಾತ್ರಿಯ ಆಕಾಶಕ್ಕಾಗಿ ಅಲ್ಲಿಗೆ ಹೋಗುವ ಕನ್ನಡಿಗರು ಬೆಳಗಿನ ಹೊತ್ತನ್ನು ಕೆಳಗಿನ ಬಯಲಿಗೆ ಮೀಸಲಿಟ್ಟರೆ ಪ್ರಯಾಣ ಇಮ್ಮಡಿ ಸಾರ್ಥಕವಾಗುತ್ತದೆ.

ಕಾರ್ಗಿಲ್‌ನಿಂದ ಸುರು ಕಣಿವೆಯ ಮೂಲಕ ಝಾನ್ಸ್ಕಾರ್‌ಗೆ ಹೋಗುವವರು ಪೆನ್ಜಿ ಲಾ ಘಟ್ಟದ ಸುತ್ತಮುತ್ತ ನೋಡುವುದು ಬೇರೆಯದೇ ಪ್ರಭೇದ, ಉದ್ದಬಾಲದ ಮಾರ್ಮಟ್. ಅದರ ಮೈ ಕಿತ್ತಳೆಗೆ ತಿರುಗಿದ ಹೊಂಬಣ್ಣದ್ದು, ಬಾಲ ಮೈಯ ಅರ್ಧದಷ್ಟು ಉದ್ದ. ಹಿಮಾಲಯದ ಮಾರ್ಮಟ್‌ನ ಬಾಲ ಮೈಯ ಕಾಲುಭಾಗದಷ್ಟಿದ್ದು ಓಡುವಾಗ ಮೋಟಾಗಿ ಕಾಣುತ್ತದೆ. ಬಣ್ಣ ಬೆಳಕಿನೊಂದಿಗೆ ಮೋಸಮಾಡುವುದರಿಂದ ಬಾಲವನ್ನೇ ಗುರುತಾಗಿ ಇಟ್ಟುಕೊಳ್ಳಬೇಕು. ಗಡಿಯಾಚೆಯ ದೇವಸಾಯಿ ಬಯಲಿನಲ್ಲೂ ಇದೇ ಉದ್ದಬಾಲದ ಪ್ರಭೇದವಿದೆ. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದ, ಭಾರತದ ಗಡಿಯಲ್ಲಿ ಚಿನ್ನದ ಮಣ್ಣನ್ನು ತೋಡುವ ನರಿಗಿಂತ ದೊಡ್ಡ ಇರುವೆಗಳು ಇವೇ ಇರಬೇಕು ಎಂದು ಫ್ರೆಂಚ್ ವಿದ್ವಾಂಸ ಮಿಶೆಲ್ ಪೆಸೆಲ್ ವಾದಿಸಿದ್ದರು. ಮಹಾಭಾರತದ ಸಭಾಪರ್ವದಲ್ಲಿಯೂ ಉತ್ತರದ ರಾಜರು ಯುಧಿಷ್ಠಿರನಿಗೆ ಇರುವೆಗಳು ತೋಡಿಕೊಟ್ಟ ಪಿಪೀಲಿಕವೆಂಬ ಚಿನ್ನವನ್ನು ಕಾಣಿಕೆಯಾಗಿ ತಂದರೆಂದು ಇದೆ. ವಾದ ಒಪ್ಪಿತವಾಗಲಿ ಬಿಡಲಿ, ಬಿಲದ ಬಾಯಲ್ಲಿ ಗುಡ್ಡೆಬಿದ್ದ ಹೊಸ ಮಣ್ಣನ್ನು ನೋಡಿದವರಿಗೆ ಆ ಕಲ್ಪನೆ ಎಲ್ಲಿಂದ ಬಂದಿರಬಹುದು ಎಂದು ಅರ್ಥವಾಗುತ್ತದೆ.

ಎತ್ತರದ ಬಗ್ಗೆ ಒಂದು ಮಾತು ಅಗತ್ಯ. ಲೇಹ್‌ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ನೇರವಾಗಿ ಬಂದಿಳಿದವರು ಕನಿಷ್ಠ ಎರಡು ದಿನ ಅಲ್ಲಿಯೇ ವಿಶ್ರಾಂತಿಯಲ್ಲಿದ್ದು, ಆಮೇಲೆ ಮಾರ್ಮಟ್‌ಗಳಿರುವ ಎತ್ತರಕ್ಕೆ ಹೋಗಬೇಕು. ತಲೆನೋವು, ವಾಕರಿಕೆ ಇರುವಾಗ ಮೇಲೆ ಹೋಗಲೇಬಾರದು.

ನೆಲವನ್ನು ಓದುವುದು

ಬಯಲಿಗೆ ಬಂದೊಡನೆ ಪ್ರಾಣಿಯನ್ನು ಹುಡುಕದೆ ಬಿಲಗಳನ್ನು ಹುಡುಕಬೇಕು. ಮಾರ್ಮಟ್ ತೋಡಿ ಹೊರಹಾಕಿದ ಮಣ್ಣು ಬಿಲದ ಬಾಯಲ್ಲಿ ತಲೆತಲಾಂತರದಿಂದ ಸೇರಿ ದಿಬ್ಬವಾಗಿರುತ್ತದೆ, ಮತ್ತು ಅದರ ಹಿಕ್ಕೆಯ ಗೊಬ್ಬರದಿಂದ ದಿಬ್ಬದ ಸುತ್ತಲಿನ ಸಸ್ಯಗಳು ಉಳಿದ ಬಯಲಿಗಿಂತ ದಟ್ಟವಾಗಿ, ಬೇರೆ ಹಸಿರಿನಲ್ಲಿ ಬೆಳೆದಿರುತ್ತವೆ. ಬೈನಾಕ್ಯುಲರ್‌ನಲ್ಲಿ ಇಳಿಜಾರನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತಾ ಹೋದರೆ ಈ ದಿಬ್ಬಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಬಾಯಿ ಸವೆದು ನುಣುಪಾಗಿದ್ದು, ಹೊಸ ಮಣ್ಣು ಮತ್ತು ಹಸಿ ಹಿಕ್ಕೆಯಿದ್ದು, ಅಲ್ಲಿಂದ ಹುಲ್ಲಿನ ನಡುವೆ ತುಳಿದ ದಾರಿ ಹೊರಟಿದ್ದರೆ ಅದು ಬಳಕೆಯಲ್ಲಿರುವ ಬಿಲ. ಜೇಡರಬಲೆ ಕಟ್ಟಿದ್ದರೆ ಬಿಟ್ಟುಹೋದದ್ದು. ಬಿಟ್ಟ ಬಿಲಗಳೂ ವ್ಯರ್ಥವಲ್ಲ, ಕೆಂಪು ನರಿ ಮತ್ತು ಹಾನ್ಲೆಯ ಕಡೆ ಅಪರೂಪಕ್ಕೆ ಕಾಣುವ ಪಲ್ಲಾಸ್ ಬೆಕ್ಕು ಅಂಥವುಗಳಲ್ಲಿ ಆಸರೆ ಪಡೆಯುತ್ತವೆ.

ದೊಡ್ಡ ದಿಬ್ಬದ ಮನೆಬಿಲವಲ್ಲದೆ ಮೇಯುವ ನೆಲದ ಅಲ್ಲಲ್ಲಿ ದಿಬ್ಬವಿಲ್ಲದ ಚಿಕ್ಕ ಬಿಲಗಳೂ ಇರುತ್ತವೆ. ಇವು ಅಪಾಯ ಬಂದಾಗ ನುಗ್ಗಲು ಇಟ್ಟುಕೊಂಡವು. ಮಾರ್ಮಟ್ ಎಷ್ಟು ಧೈರ್ಯದಿಂದ ಮೇಯುತ್ತದೆ ಎಂಬುದು ಹತ್ತಿರದ ಬಿಲ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ನಾವು ಎಂದಿಗೂ ಪ್ರಾಣಿಗೂ ಅದರ ಬಿಲಕ್ಕೂ ನಡುವೆ ಬರಬಾರದು. ಇಡೀ ಕ್ರಮದಲ್ಲಿ ಒಂದೇ ಒಂದು ನಿಯಮವನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಬಿಲಗಳಿರುವ ನೆಲದ ಮೇಲೆ ನಡೆಯುವುದೂ ಬೇಡ, ಒಳಗೆ ಟೊಳ್ಳಾಗಿರುವ ನೆಲ ಕುಸಿದರೆ ನಮ್ಮ ಕಾಲೂ ಮುರಿಯುತ್ತದೆ, ಅದರ ಮನೆಯೂ ಮುರಿಯುತ್ತದೆ. ಬೈಕ್ ಅಥವಾ ಕಾರನ್ನು ರಸ್ತೆಯಿಂದ ಹುಲ್ಲಿಗೆ ಇಳಿಸಲೇಬಾರದು. ಅಷ್ಟು ಎತ್ತರದ ಒಣ ನೆಲದಲ್ಲಿ ಚಕ್ರದ ಗುರುತು ಅಳಿಯಲು ವರ್ಷಗಳೇ ಬೇಕು.

ಕೂರುವುದು

ಸೂರ್ಯನ ಬೆಳಕು ದಿಬ್ಬಗಳಿಗೆ ತಾಗುವ ಮೊದಲೇ ಜಾಗದಲ್ಲಿ ಕುಳಿತಿರುವುದು ಉತ್ತಮ. ಮಾರ್ಮಟ್ ನಸುಕಿನ ಕೊರೆಯುವ ಚಳಿಯಲ್ಲಿ ಹೊರಬರುವುದಿಲ್ಲ, ಬಿಸಿಲು ಬಿದ್ದಮೇಲೆ ಬರುತ್ತದೆ. ಆಗ ನಾವು ಮೊದಲೇ ಅಲ್ಲಿದ್ದರೆ ಅದು ನಮ್ಮನ್ನು ಬಯಲಿನ ಭಾಗವಾಗಿ ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಅತಿ ಹತ್ತಿರದ ಬಿಲದಿಂದ ಐವತ್ತು ಮೀಟರ್, ಸಾಧ್ಯವಾದರೆ ನೂರು ಮೀಟರ್ ದೂರ ಇರಲಿ. ಬಂಡೆಗೆ ಬೆನ್ನು ಕೊಟ್ಟು ಕೂತರೆ ನಮ್ಮ ಆಕೃತಿ ಆಕಾಶಕ್ಕೆ ಎದುರಾಗಿ ಕಾಣುವುದಿಲ್ಲ. ನೆಲ ತಣ್ಣಗಿರುವುದರಿಂದ ಕೂರಲು ದಪ್ಪ ಮ್ಯಾಟ್, ಗಾಳಿ ತಡೆಯುವ ಜಾಕೆಟ್, ಟೋಪಿ, ಫ್ಲಾಸ್ಕಿನಲ್ಲಿ ಬಿಸಿನೀರು, ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಬೈನಾಕ್ಯುಲರ್ ಇದ್ದರೆ ಸಾಕು. ಅಡಗಿ ಕೂರುವ ಪ್ರಯತ್ನ ಬೇಡ ಎಂದು ನಾನು ಹೇಳುತ್ತೇನೆ. ತೆವಳಿಕೊಂಡು ಬರುವ, ಬಂಡೆಯ ಹಿಂದಿನಿಂದ ಇಣುಕುವ ಆಕೃತಿ ಅದಕ್ಕೆ ಬೇಟೆಗಾರ ಪ್ರಾಣಿಯ ಲಕ್ಷಣ. ಎದುರಿಗೆ ಕಾಣುವಂತೆ ಅಲುಗದೆ ಕುಳಿತ ಮನುಷ್ಯ ಅದಕ್ಕೆ ಬೇಗ ರೂಢಿಯಾಗುತ್ತಾನೆ.

ಮೊದಲು ಕಾಣುವುದು ಬಿಲದ ಬಾಯಲ್ಲಿ ಚಪ್ಪಟೆ ತಲೆ. ಕಣ್ಣು, ಕಿವಿಗಳು ತಲೆಯ ಮೇಲ್ಭಾಗದಲ್ಲಿರುವುದರಿಂದ ಉಳಿದ ಮೈಯನ್ನು ಹೊರಗೆ ತೋರಿಸದೆಯೇ ಅದು ಸುತ್ತ ನೋಡಬಲ್ಲದು, ಮತ್ತು ಹಾಗೆಯೇ ಬಹಳ ಹೊತ್ತು ಇರಬಹುದು. ಆಮೇಲೆ ದಿಬ್ಬದ ಮೇಲೆ ಬಂದು ಬಿಸಿಲಿಗೆ ಹೊಟ್ಟೆ ಒತ್ತಿ ಮಲಗುತ್ತದೆ. ಮೇಯಲು ಹೊರಡುವ ಮೊದಲು ಬಿಲದ ಬಳಿಯ ಒಂದು ಕಲ್ಲಿಗೆ ಕೆನ್ನೆಯನ್ನು ಒತ್ತಿ ಉಜ್ಜುವುದನ್ನು ಗಮನಿಸಬೇಕು: ಕೆನ್ನೆಯ ಗ್ರಂಥಿಯ ವಾಸನೆಯನ್ನು ಅಲ್ಲಿ ಹಚ್ಚಿ, ಈ ನೆಲ ಈ ಕುಟುಂಬದ್ದೆಂದು ಅದು ಸಾರುತ್ತದೆ. ಎರಡು ಮಾರ್ಮಟ್‌ಗಳು ಎದುರಾದಾಗ ಮೂಗಿಗೆ ಮೂಗು ತಾಗಿಸಿ ಪರಸ್ಪರ ಗುರುತಿಸಿಕೊಳ್ಳುತ್ತವೆ. ಹುಲ್ಲಿನ ಒಂದು ಎಸಳನ್ನು ಕಿತ್ತು, ಹಿಂಗಾಲ ಮೇಲೆ ಕುಳಿತು, ಎರಡು ಮುಂಗೈಗಳ ನಡುವೆ ಹಿಡಿದು ತುದಿಯಿಂದ ಬುಡಕ್ಕೆ ತಿನ್ನುತ್ತಾ ಹೋಗುವಾಗ ಹಳದಿಗೆ ತಿರುಗಿದ ಉದ್ದ ಬಾಚಿಹಲ್ಲುಗಳು ಬೈನಾಕ್ಯುಲರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಜೀವಮಾನವಿಡೀ ಬೆಳೆಯುವ ಆ ಹಲ್ಲುಗಳು ಕಡಿಯುವುದರಿಂದಲೇ ಸವೆದು ಅಳತೆಯಲ್ಲಿರುತ್ತವೆ. ಮರಿಗಳು ಪೈಲ್ವಾನರಂತೆ ಎದೆಗೆ ಎದೆ ಕೊಟ್ಟು ನಿಂತು, ಮುಂಗಾಲುಗಳಿಂದ ಒಂದನ್ನೊಂದು ತಳ್ಳಿ, ಉರುಳಿಬಿದ್ದು ಮತ್ತೆ ಏಳುತ್ತವೆ. ಗಂಟೆಗಟ್ಟಲೆ ಕುಳಿತ ಆಯಾಸವನ್ನು ಆ ಕುಸ್ತಿ ಒಂದೇ ಕ್ಷಣದಲ್ಲಿ ಕಳೆಯುತ್ತದೆ.

ಬಿಸಿಲು ಏರಿದಂತೆ ಅವು ಒಳಗೆ ಹೋಗುತ್ತವೆ. ದಪ್ಪ ತುಪ್ಪಳ, ಚರ್ಮದಡಿಯ ಕೊಬ್ಬು ಚಳಿಗೆ ಒಳ್ಳೆಯದು, ಸೆಕೆಗೆ ಅಲ್ಲ. ಮಧ್ಯಾಹ್ನದ ಗಾಳಿಯಲ್ಲಿ ಬಯಲು ಖಾಲಿಯಾಗಿ ಕಂಡರೆ ನಿರಾಶರಾಗದೆ, ಸಂಜೆಯ ಮೇವಿಗೆ ಮತ್ತೆ ಬರಬಹುದು.

ಸಿಳ್ಳೆ ಕೇಳಿಸಿದಾಗ

ಮಾರ್ಮಟ್‌ನ ಎಚ್ಚರಿಕೆಯ ಕೂಗು ಚೂಪಾದ, ಕತ್ತರಿಸಿದಂಥ ಸಿಳ್ಳೆ, ಕೂಗುವಾಗ ಬಾಲವೂ ಮೇಲೆ ಚಿಮ್ಮುತ್ತದೆ. ಆಕಾಶದಲ್ಲಿ ಗೋಲ್ಡನ್ ಈಗಲ್, ಇಳಿಜಾರಿನಲ್ಲಿ ತೋಳ, ನರಿ, ಹಿಮಚಿರತೆ, ಪಶ್ಚಿಮದ ಕಣಿವೆಗಳಲ್ಲಿ ಬಿಲವನ್ನೇ ಅಗೆಯುವ ಕಂದು ಕರಡಿ, ಊರುಗಳ ಹತ್ತಿರ ಬೀಡಾಡಿ ನಾಯಿ, ಇವೆಲ್ಲವೂ ಅದರ ಶತ್ರುಗಳು; ಬೇಸಿಗೆಯಲ್ಲಿ ಹಿಮಚಿರತೆಯ ಆಹಾರದಲ್ಲಿ ಮಾರ್ಮಟ್‌ಗೆ ದೊಡ್ಡ ಪಾಲಿದೆ. ಸಿಳ್ಳೆ ಕೇಳಿದಾಗ ಕೂಗಿದ ಮಾರ್ಮಟ್ ಯಾವ ಕಡೆಗೆ ಮುಖಮಾಡಿದೆ ಎಂದು ನೋಡಿ, ಅದೇ ದಿಕ್ಕಿನಲ್ಲಿ ಬೈನಾಕ್ಯುಲರ್ ತಿರುಗಿಸಬೇಕು. ನಾವಾಗಿಯೇ ಹುಡುಕಿದ್ದರೆ ಎಂದೂ ಕಾಣದ ನರಿ ಹೀಗೆ ಕಾಣಿಸಿಕೊಳ್ಳುತ್ತದೆ.

ಆದರೆ ಅದು ನಮ್ಮ ಕಡೆಗೇ ಮುಖಮಾಡಿ ಕೂಗುತ್ತಿದ್ದರೆ ಅರ್ಥ ಒಂದೇ, ನಾವು ಅತಿ ಹತ್ತಿರ ಬಂದಿದ್ದೇವೆ. ಅದಕ್ಕೂ ಮೊದಲೇ ಸೂಚನೆಗಳು ಸಿಗುತ್ತವೆ. ಮೇಯುತ್ತಿದ್ದ ಪ್ರಾಣಿ ಮತ್ತೆಮತ್ತೆ ತಲೆಯೆತ್ತುತ್ತದೆ, ಅಗಿಯುವುದನ್ನು ನಿಲ್ಲಿಸುತ್ತದೆ, ನೆಟ್ಟಗೆ ನಿಲ್ಲುತ್ತದೆ, ಬಿಲದ ಕಡೆಗೆ ನಾಲ್ಕು ಹೆಜ್ಜೆ ಸರಿಯುತ್ತದೆ. ಅಗಿಯುವುದು ನಿಂತಾಗಲೇ ನಾವೂ ನಿಲ್ಲಬೇಕು. ಕೂಗು ಶುರುವಾದರೆ ಎದ್ದು, ಓಡದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಇನ್ನಷ್ಟು ದೂರದಲ್ಲಿ ಕೂರಬೇಕು. ಛಾಯಾಗ್ರಾಹಕರಿಗೆ ಇದು ಕಹಿಯಾದ ಮಾತು ಎಂದು ಗೊತ್ತಿದೆ, ಆದರೆ 400 ಮಿಲಿಮೀಟರ್ ಲೆನ್ಸ್‌ಗೆ ನಿಲುಕದ ಚಿತ್ರವನ್ನು ಕಾಲಿನಿಂದ ಹತ್ತಿರ ತರಲು ಹೋದರೆ ಸಿಗುವುದು ಹೆದರಿ ನಿಂತ ಪ್ರಾಣಿಯ ಚಿತ್ರ ಮಾತ್ರ. ಡ್ರೋನ್ ಹಾರಿಸಲೇಬಾರದು, ಮೇಲಿನಿಂದ ಬರುವ ಯಾವುದೂ ಅದಕ್ಕೆ ಹದ್ದೇ.

ತಿನಿಸು, ಸ್ಪರ್ಶ, ಚಿಗಟ

ಬಿಸ್ಕತ್ತು ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ, ಅದರಲ್ಲಿ ನನಗೆ ಸಂದೇಹವಿಲ್ಲ. ಹಾನಿ ಬೇರೆ ರೀತಿಯಲ್ಲಿ ಆಗುತ್ತದೆ. ಚಳಿಗಾಲದ ನಿದ್ರೆಗೆ ಕೊಬ್ಬಿನ ಪ್ರಮಾಣವಷ್ಟೇ ಅಲ್ಲ, ಅದರ ಬಗೆಯೂ ಮುಖ್ಯ. ಮೈ ತಣ್ಣಗಾದಾಗಲೂ ಕೊಬ್ಬು ಗಟ್ಟಿಯಾಗದೆ ಬಳಕೆಗೆ ಸಿಗಬೇಕಾದರೆ ಅದರಲ್ಲಿ ಸಸ್ಯಗಳಿಂದ ಬರುವ ಲಿನೋಲೆಯಿಕ್ ಆಮ್ಲದಂಥ ಅಂಶಗಳಿರಬೇಕು. ಅಂಥ ಮೇವು ತಿಂದ ದಂಶಕಗಳು ಹೆಚ್ಚು ಆಳವಾಗಿ, ಹೆಚ್ಚು ಹೊತ್ತು ನಿದ್ರಿಸುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಮೈದಾ, ಸಕ್ಕರೆ, ಗಟ್ಟಿ ಎಣ್ಣೆಯ ಬಿಸ್ಕತ್ತು ಆ ಜಾಗವನ್ನು ತುಂಬಲಾರದು. ಇದಲ್ಲದೆ ಕೈಗೆ ಒಗ್ಗಿದ ಮಾರ್ಮಟ್ ರಸ್ತೆಗೆ ಬರುತ್ತದೆ, ಚಕ್ರಕ್ಕೆ ಸಿಗುತ್ತದೆ, ನಾಯಿಯನ್ನೂ ತಡವಾಗಿ ಗುರುತಿಸುತ್ತದೆ. ಜೊತೆಯವರು ಪೊಟ್ಟಣ ಬಿಚ್ಚಿದರೆ ಜಗಳಕ್ಕೆ ಹೋಗದೆ, ಕಾರಣವನ್ನು ವಿವರಿಸಿ ತಡೆಯಬೇಕು. ಲಡಾಖಿನ ಚಾಲಕರಿಗೆ ಮೊದಲೇ ಹೇಳಿಟ್ಟರೆ ಅವರೇ ನೆರವಾಗುತ್ತಾರೆ.

ಮುಟ್ಟಬಾರದು ಎನ್ನುವುದಕ್ಕೆ ನಮ್ಮ ಆರೋಗ್ಯದ ಕಾರಣವೂ ಇದೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹಿಮಾಲಯದ ಮಾರ್ಮಟ್ ಪ್ಲೇಗ್ ರೋಗಾಣುವಿನ ನೈಸರ್ಗಿಕ ಆಸರೆಗಳಲ್ಲಿ ಒಂದು. ಅದರ ಮೈಯ ಚಿಗಟಗಳ ಮೂಲಕ ರೋಗ ದಾಟಬಲ್ಲದು. 2014ರ ಜುಲೈನಲ್ಲಿ ಚೀನಾದ ಗಾನ್ಸು ಪ್ರಾಂತ್ಯದ ಯೂಮನ್‌ನಲ್ಲಿ ಸತ್ತ ಮಾರ್ಮಟ್‌ನ ಸಂಪರ್ಕಕ್ಕೆ ಬಂದ ವ್ಯಕ್ತಿಯೊಬ್ಬರು ಪ್ಲೇಗ್‌ನಿಂದ ತೀರಿಕೊಂಡಾಗ 151 ಜನರನ್ನು ಪ್ರತ್ಯೇಕವಾಗಿರಿಸಬೇಕಾಯಿತು. 1898ರ ಪ್ಲೇಗ್ ಕಂಡ ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗಮ್ಮನ ಗುಡಿಗಳಿವೆ, ಆ ರೋಗದ ಗಾಂಭೀರ್ಯವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ದೂರದಲ್ಲಿ ಕುಳಿತು ನೋಡುವವರು ಹೆದರಬೇಕಾದ್ದು ಏನೂ ಇಲ್ಲ. ಸತ್ತ ಮಾರ್ಮಟ್ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ವನ್ಯಜೀವಿ ಇಲಾಖೆಯವರಿಗೋ ತಿಳಿಸಬೇಕು. ಬಿಲದ ಬಾಯಲ್ಲಿ ಕೂರುವುದು, ಒಳಗೆ ಕೈ ಹಾಕುವುದು ಸಲ್ಲದು. ಪ್ರವಾಸದ ನಂತರ ಜ್ವರದೊಂದಿಗೆ ಕಂಕುಳು, ತೊಡೆಸಂದಿಯ ಗಂಟುಗಳು ಊದಿಕೊಂಡರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ಹೇಳಬೇಕು.

ಬರೆದಿಡುವುದು

ಚಿಕ್ಕ ಪುಸ್ತಕವೊಂದು ಜೊತೆಗಿರಲಿ. ದಿನಾಂಕ, ಜಾಗ, ಎತ್ತರ, ಮೊದಲ ಮಾರ್ಮಟ್ ಹೊರಬಂದ ಹೊತ್ತು, ದೊಡ್ಡವೆಷ್ಟು, ಆ ವರ್ಷದ ಮರಿಗಳೆಷ್ಟು, ಎಷ್ಟು ಸಲ ಸಿಳ್ಳೆ ಕೇಳಿತು, ಯಾವ ಕಾರಣಕ್ಕೆ, ಮಧ್ಯಾಹ್ನ ಎಷ್ಟು ಹೊತ್ತಿಗೆ ಒಳಗೆ ಹೋದವು, ಇಷ್ಟನ್ನು ಬರೆದರೆ ಸಾಕು. ಬಂಡೆಯ ಸಂದಿಯಲ್ಲಿ ಓಡಾಡುವ, ಬಾಲವಿಲ್ಲದ ಇಲಿಯಂಥ ಪುಟ್ಟ ಪ್ರಾಣಿಯನ್ನು ಮಾರ್ಮಟ್ ಮರಿಯೆಂದು ಎಣಿಸಬಾರದು. ಅದು ಪಿಕಾ, ಮೊಲದ ಬಳಗದ್ದು. ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಸಾರ್ವಜನಿಕ ಜಾಲತಾಣಕ್ಕೆ ಸೇರಿಸುವಾಗ ಬಾಲ ಕಾಣುವ ಒಂದು ಚಿತ್ರವನ್ನು ತಪ್ಪದೆ ಹಾಕಿದರೆ ಪ್ರಭೇದವನ್ನು ಗುರುತಿಸುವವರಿಗೆ ಅನುಕೂಲ. ಮತ್ತೊಂದು ವರ್ಷ ಅದೇ ಬಯಲಿಗೆ ಹೋಗುವುದಾದರೆ ಬಿಲಗಳ ಒಂದು ಒರಟು ನಕ್ಷೆಯನ್ನೂ ಬರೆದಿಟ್ಟುಕೊಳ್ಳಿ, ಮನೆಬಿಲಗಳು ವರ್ಷದಿಂದ ವರ್ಷಕ್ಕೆ ಅದೇ ಜಾಗದಲ್ಲಿ ಉಳಿಯುವುದರಿಂದ ಯಾವ ಕುಟುಂಬ ಉಳಿದಿದೆ, ಯಾವ ದಿಬ್ಬ ಖಾಲಿಯಾಗಿದೆ ಎಂಬುದನ್ನು ಆ ನಕ್ಷೆಯಿಂದಲೇ ತಿಳಿಯಬಹುದು.